ಡಿಕ್ಲೇರ್ ಆದ ಹುಡುಗ

ನನ್ನ ಗಂಡನ ಮನೆಯ ನಮ್ಮ ತಲೆಮಾರಿನಲ್ಲಿ ಬ್ಯಾಸ್ಕೆಟ್‌ಬಾಲನ್ನು ಕೈಯಲ್ಲಿ ಹಿಡಿದವಳು ನಾನೊಬ್ಬಳೇ. ಅದರ ಬಗ್ಗೆ ಮಾತಾಡುವವರು ಮಾತ್ರ ಮೂರು ಜನ. ಮೂವರೂ ಗಂಡಸರು, ಒಂದೇ ತಾಯಿಯ ಮಕ್ಕಳು. ಹಿರಿಯರಾದ ನನ್ನ ಭಾವ ಪರ್ತ್‌ನಲ್ಲಿ ಗಣಿ ಕಂಪನಿಯೊಂದರಲ್ಲಿ ಎಂಜಿನಿಯರ್. ನಡುವಿನವರು ನನ್ನ ಗಂಡ. ಬ್ರಿಸ್ಬೇನ್‌ನ ರನ್‌ಕಾರ್ನ್‌ನಲ್ಲಿರುವ ನಮ್ಮ ಮನೆಯಿಂದ ಎಯ್ಟ್ ಮೈಲ್ ಪ್ಲೇನ್ಸ್‌ನ ಆಫೀಸಿಗೆ ಹೋಗಿ ದಿನವಿಡೀ ಕಂಪ್ಯೂಟರ್ ನೋಡುತ್ತಾರೆ, ಸಂಜೆ ಬಂದು ಟಿವಿ ನೋಡುತ್ತಾರೆ. ಕಿರಿಯವನು ನನ್ನ ಮೈದುನ, ಅಡಿಲೇಡ್‌ನಲ್ಲಿದ್ದಾನೆ. ಅಣ್ಣ ಹೇಳಿದ್ದಕ್ಕೆಲ್ಲ ಹೌದು ಅನ್ನುವುದು ಅವನ ಮುಖ್ಯ ಉದ್ಯೋಗ.

ಭಾನುವಾರದ ಆರ್ವೋ, ಅಂದರೆ ಇಲ್ಲಿಯವರ ಬಾಯಲ್ಲಿ ಮಧ್ಯಾಹ್ನ, ಮೂವರೂ ವಿಡಿಯೋ ಕಾಲ್‌ನಲ್ಲಿ ಸೇರುತ್ತಿದ್ದರು. ನಮ್ಮಲ್ಲಿ ಮೂರು ಗಂಟೆಯಾದರೆ ಅಡಿಲೇಡ್‌ನಲ್ಲಿ ಎರಡೂವರೆ, ಪರ್ತ್‌ನಲ್ಲಿ ಒಂದು. ಆ ಅರ್ಧ ಗಂಟೆಯ ಲೆಕ್ಕ ನನ್ನ ಮೈದುನನಿಗೆ ಇವತ್ತಿಗೂ ಹತ್ತಿಲ್ಲ. ಎಲ್ಲರಿಗಿಂತ ಮುಂಚೆ ಬಂದು ಖಾಲಿ ಪರದೆಗೆ ಹಲೋ ಹಲೋ ಅನ್ನುತ್ತಿರುತ್ತಿದ್ದ. ಮೊದಲೆಲ್ಲ ಮಾತು ಕ್ರಿಕೆಟ್ಟಿನದು. ಭಾವನ ಮಗ ಅಮೆರಿಕದ ಕಾಲೇಜೊಂದಕ್ಕೆ ಬ್ಯಾಸ್ಕೆಟ್‌ಬಾಲ್ ಆಡಲು ಹೋದ ಮೇಲೆ ಮೂವರೂ ರಾತ್ರೋರಾತ್ರಿ ಪಂಡಿತರಾದರು. ಆ ಊರಿನ ಹೆಸರು ಹೇಳಿದರೆ ಅಮೆರಿಕದವರೇ ಮ್ಯಾಪ್ ತೆಗೆಯಬೇಕು, ಅಂಥ ಕಾಲೇಜು ಅದು. ಆದರೆ ಭಾವನ ಬಾಯಲ್ಲಿ ಅದು ಹಾರ್ವರ್ಡಿನ ಪಕ್ಕದ ಕಾಂಪೌಂಡು.

ಹುಡುಗ ಪಾಯಿಂಟ್ ಗಾರ್ಡ್. ಬಾಲನ್ನು ಅಂಗಳದ ಈ ತುದಿಯಿಂದ ಆ ತುದಿಗೆ ತರುವವನು, ಯಾರಿಗೆ ಯಾವಾಗ ಕೊಡಬೇಕು ಎಂದು ತೀರ್ಮಾನಿಸುವವನು. ನಮ್ಮ ಕಡೆಯವರಿಗೆ ತಿಳಿಯುವಂತೆ ಹೇಳುವುದಾದರೆ ಪಂಕ್ತಿಯಲ್ಲಿ ಬಡಿಸುವವನು. ಯಾರ ಎಲೆ ಖಾಲಿಯಿದೆ, ಯಾರು ಸಾಕು ಅಂತ ಕೈ ಅಡ್ಡ ಹಿಡಿದಿದ್ದಾರೆ, ಎಲ್ಲವೂ ಅವನ ಕಣ್ಣಲ್ಲಿರಬೇಕು. ಬಡಿಸುವವನೇ ಕೂತು ಉಣ್ಣತೊಡಗಿದರೆ ಪಂಕ್ತಿಯ ಗತಿ ಏನಾಗುತ್ತದೋ, ಸ್ವಾರ್ಥಿ ಪಾಯಿಂಟ್ ಗಾರ್ಡ್ ಇರುವ ಟೀಮಿನ ಗತಿಯೂ ಅದೇ.

ಇದು ನನಗೆ ಗೊತ್ತಿದ್ದದ್ದು ನಾನು ಆಡಿದ್ದರಿಂದ. ಮೈಸೂರಿನಲ್ಲಿ ಓದುವಾಗ ನಾನು ಕಾಲೇಜು ತಂಡದ ಪಾಯಿಂಟ್ ಗಾರ್ಡ್ ಆಗಿದ್ದೆ. ಸಿಮೆಂಟಿನ ಅಂಗಳ, ಬಲೆಯೇ ಇಲ್ಲದ ರಿಂಗು, ಕೊರಳಲ್ಲಿ ವಿಷಲ್ ಕಟ್ಟಿಕೊಂಡ ಪಿ.ಟಿ. ಮೇಡಂ. ನಾನು ಕ್ಷಣ ಹೆಚ್ಚಿಗೆ ಬಾಲ್ ಹಿಡಿದರೆ ಸಾಕು, "ಬಿಡೇ ಬಾಲ್‌ನ! ಮನೆಗೆ ತಗೊಂಡ್ ಹೋಗ್ತೀಯೇನೇ?" ಎಂದು ಅವರು ಕೂಗುತ್ತಿದ್ದದ್ದು ಪಕ್ಕದ ಬಸ್ ಸ್ಟಾಪಿನವರೆಗೂ ಕೇಳುತ್ತಿತ್ತು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಅತ್ತೆ ಕೇಳಿದ ಪ್ರಶ್ನೆಗೆ ಇದನ್ನೇ ಹೇಳಿದ್ದೆ, ಬ್ಯಾಸ್ಕೆಟ್‌ಬಾಲ್ ಆಡ್ತೀನಿ ಅಂತ. ಮದುವೆಯ ದಿನ ಅದೇ ಅತ್ತೆ ನೆಂಟರಿಗೆಲ್ಲ ನನ್ನನ್ನು ಪರಿಚಯಿಸಿದ್ದು, "ಸೊಸೆ ಕಾಲೇಜಲ್ಲಿ ಥ್ರೋಬಾಲ್ ಆಡ್ತಿದ್ಲು" ಎಂದು. ತಿದ್ದಿದೆ. ಮತ್ತೊಮ್ಮೆ ತಿದ್ದಿದೆ. ನನ್ನ ಗಂಡ, "ಯಾವ ಬಾಲ್ ಆದ್ರೇನು ಬಿಡು, ಈಗ ಆಡ್ತೀಯಾ?" ಅಂದರು. ಅಲ್ಲಿಂದ ಮುಂದೆ ಆ ಮನೆಯಲ್ಲಿ ನಾನು ಥ್ರೋಬಾಲ್ ಆಡಿದವಳೇ. ಎರಡು ಆಟದ ವ್ಯತ್ಯಾಸವೂ ತಿಳಿಯದ ಜನ ಎಂದು ಮನಸ್ಸಿನಲ್ಲೇ ಜರೆದುಕೊಂಡು ಸುಮ್ಮನಾದೆ.

ಹಾಗಾಗಿ ಭಾನುವಾರ ನನ್ನ ಕೆಲಸ ಕಾಫಿ ಕೊಡುವುದು. ಕಾಫಿ ಕೊಡುತ್ತಾ ನಾನು ಕೇಳಿಸಿಕೊಂಡ ಮಾತುಗಳನ್ನು ಹೇಳಿದರೆ ನೀವು ನಂಬಲಿಕ್ಕಿಲ್ಲ.

ಆ ವರ್ಷ ಡ್ರಾಫ್ಟಿಗೆ, ಅಂದರೆ ಕಾಲೇಜಿನ ಹುಡುಗರನ್ನು ವೃತ್ತಿಪರ ತಂಡಗಳು ಒಬ್ಬೊಬ್ಬರಾಗಿ ಹೆಸರು ಕೂಗಿ ಆರಿಸಿಕೊಳ್ಳುವ ದಿನಕ್ಕೆ ಮುಂಚೆ, ಇಬ್ಬರು ಪಾಯಿಂಟ್ ಗಾರ್ಡ್‌ಗಳ ಬಗ್ಗೆ ಎಲ್ಲರೂ ಮಾತಾಡುತ್ತಿದ್ದರು. ಒಬ್ಬ ತಾಳೆಮರದಷ್ಟು ಉದ್ದ. ಇನ್ನೊಬ್ಬ ಕೆಂಪು ಕೂದಲಿನ ಗಿಡ್ಡ. ಅಣ್ಣತಮ್ಮಂದಿರು ಅವರಿಬ್ಬರ ಪಕ್ಕಕ್ಕೆ ನಮ್ಮ ಹುಡುಗನನ್ನು ನಿಲ್ಲಿಸಿ ತೂಗುತ್ತಿದ್ದರು. ಥೇಟ್ ಗಂಡು ನೋಡಲು ಹೋದವರ ಮಾತು.

"ಉದ್ದ ಇದ್ದಾನೆ, ಒಪ್ಕೊಂಡೆ," ಭಾವ ಹೇಳುತ್ತಿದ್ದರು. "ಆದ್ರೆ ಮೂರು ವರ್ಷಕ್ಕೆ ಮೂರು ಕಾಲೇಜು ಬದಲಾಯ್ಸಿದಾನೆ ಕಣ್ರೋ. ಇಂಥೋನು ಒಂದ್ ಕಡೆ ನಿಲ್ತಾನಾ?"

"ಮೈ ತುಂಬ ಟ್ಯಾಟೂ ಬೇರೆ," ಅಂದ ಮೈದುನ.

"ಆ ಕೆಂಪು ತಲೆಯೋನು?" ನನ್ನ ಗಂಡ ಕೇಳಿದರು.

"ಅವನದು ಬರೀ ಅಸಿಸ್ಟು. ಯಾವ ಮ್ಯಾಚ್ ತೆಗ್ದು ನೋಡು, ಅಸಿಸ್ಟು, ಅಸಿಸ್ಟು. ನಾಳೆ ದೊಡ್ಡ ಟೀಮಿಗೆ ಹೋದ್ರೂ ಅಸಿಸ್ಟೆಂಟ್ ಆಗೇ ಇರ್ತಾನೆ. ನಮ್ಮೋನು ನೋಡು, ಅಸಿಸ್ಟ್ ಕಮ್ಮಿ. ಎಲ್ಲಾ ಸ್ವಂತ!"

ಅಸಿಸ್ಟ್ ಅಂದರೆ ನೀನು ಕೊಟ್ಟ ಬಾಲನ್ನು ಇನ್ನೊಬ್ಬ ರಿಂಗಿಗೆ ಹಾಕುವುದು. ಪಾಯಿಂಟ್ ಗಾರ್ಡ್ ಹುಟ್ಟಿರುವುದೇ ಅದಕ್ಕೆ. ಸರ್ಕಾರಿ ಕಚೇರಿಯ ಅಸಿಸ್ಟೆಂಟ್ ಹುದ್ದೆಯ ಮಟ್ಟಕ್ಕೆ ಅದನ್ನಿಳಿಸಿ, ಮಗನಿಗೆ ಅದು ಕಡಿಮೆಯಿದೆ ಎಂದು ಹೆಮ್ಮೆ ಪಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಕೆಂಪು ತಲೆಯ ಹುಡುಗನನ್ನು ನಾನೂ ಟಿವಿಯಲ್ಲಿ ನೋಡಿದ್ದೆ. ಎಡಗೈಯಿಂದ, ಆ ಕಡೆ ತಲೆ ತಿರುಗಿಸದೆ, ಓಡುವವನ ಎದೆಗೆ ಸರಿಯಾಗಿ ಬಾಲ್ ಕೊಡುತ್ತಿದ್ದ. ನೋಡುತ್ತಿದ್ದರೆ ನನ್ನ ಕಣ್ಣು ತಂಪಾಗುತ್ತಿತ್ತು.

ನಮ್ಮ ಹುಡುಗನಿಗೆ ಎಡಗೈ ಇದ್ದೂ ಇಲ್ಲ. ಅವನಿಗೆ ಹದಿನೈದಿದ್ದಾಗ ಅಡಿಲೇಡ್‌ನಲ್ಲಿ ಕಿರಿಯರ ಪಂದ್ಯಾವಳಿ ನಡೆದಿತ್ತು. ಮೈದುನನ ಮನೆಯಲ್ಲಿ ಎಲ್ಲರೂ ಉಳಿದುಕೊಂಡು ನೋಡಲು ಹೋಗಿದ್ದೆವು. ಚೆನ್ನಾಗಿ ಓಡುತ್ತಿದ್ದ, ಎತ್ತರ ಹಾರುತ್ತಿದ್ದ, ಆದರೆ ಬಾಲ್ ಕೈಗೆ ಸಿಕ್ಕಿದರೆ ಬಿಡುತ್ತಿರಲಿಲ್ಲ. ಅಂಗಳದ ನಡುವೆ ತಟ್ಟಿಕೊಂಡೇ ನಿಂತಿರುವನು. ಎಡಕ್ಕೆ ಒಬ್ಬ ಖಾಲಿ ನಿಂತು ಕೈಯೆತ್ತಿ ಕರೆಯುತ್ತಿದ್ದರೂ ಅವನಿಗೆ ಕಾಣುತ್ತಿರಲಿಲ್ಲ. ತಡೆಯಲಾಗದೆ ನಾನು ಎದ್ದು ನಿಂತು, "ಬಿಡೋ ಬಾಲ್‌ನ!" ಎಂದು ಕೂಗಿದೆ. ಮುಂದೆ ಕೂತಿದ್ದ ಹೆಂಗಸೊಬ್ಬಳು ತಿರುಗಿ, ಅದು ನಿಮ್ಮ ಪ್ರಾರ್ಥನೆಯಾ ಎಂದು ಕೇಳಿದಳು.

ಆಟ ಮುಗಿದ ಮೇಲೆ ಕಾರ್ ಪಾರ್ಕಿನಲ್ಲಿ ಭಾವ ಅವನ ಬೆನ್ನು ತಟ್ಟಿದರು, ಮೈದುನ ಹೀರೋ ಅಂದ. ಹುಡುಗ ಇಬ್ಬರನ್ನೂ ದಾಟಿ ನನ್ನ ಬಳಿ ಬಂದು, "ಚಿಕ್ಕಮ್ಮ, ವೈ ವರ್ ಯು ಯೆಲಿಂಗ್?" ಅಂದ.

"ಎಡಗೈ ಪರ್ತ್‌ನಲ್ಲೇ ಬಿಟ್ಟು ಬಂದಿದ್ಯಾ?" ಎಂದು ಕೇಳಿದೆ.

ಮುಖ ಊದಿಸಿಕೊಂಡ. ಆದರೆ ಮುಂದಿನ ರಜೆಗೆ ಬ್ರಿಸ್ಬೇನ್‌ಗೆ ಬರುತ್ತೇನೆಂದು ಹಟ ಹಿಡಿದು ಬಂದ. ನಮ್ಮ ಡ್ರೈವ್‌ವೇಯಲ್ಲಿ ಒಂದು ರಿಂಗ್ ಹಾಕಿಸಿದೆ. ಆಮೇಲೆ ಪ್ರತಿ ರಜೆಯಲ್ಲೂ ಅವನ ಬಲಗೈಯನ್ನು ಬೆನ್ನಿಗೆ ಕಟ್ಟಿಸಿ ಎಡಗೈಯಲ್ಲೇ ಆಡಿಸುತ್ತಿದ್ದೆ. ಪರ್ತ್‌ನಲ್ಲಿ ಭಾವ ಎಲ್ಲರಿಗೂ ಹೇಳುತ್ತಿದ್ದದ್ದು, ಹುಡುಗ ಚಿಕ್ಕಮ್ಮನ ಮನೆಗೆ ದೋಸೆ ತಿನ್ನಲು ಹೋಗುತ್ತಾನೆ ಅಂತ.

ಡ್ರಾಫ್ಟಿನ ವರ್ಷ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಭಾವನ ಸಂದೇಶ ಬಂತು. "ಮಗ ಡ್ರಾಫ್ಟ್‌ಗೆ ಡಿಕ್ಲೇರ್ ಆಗಿದ್ದಾನೆ. ಎಲ್ಲಾ ದೇವರ ದಯೆ." ಅದರ ಕೆಳಗೆ ಕೈಮುಗಿದ ಚಿತ್ರಗಳು, ಲಡ್ಡುಗಳು, ಪಟಾಕಿಗಳು. ಮೈಸೂರಿನಲ್ಲಿ ಅತ್ತೆ ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಬೆಂಗಳೂರಿನ ದೂರದ ನೆಂಟರೊಬ್ಬರು, ಸಂಬಳ ಡಾಲರಲ್ಲೋ ಆಸ್ಟ್ರೇಲಿಯನ್ ಡಾಲರಲ್ಲೋ ಎಂದು ಕೇಳಿದರು.

ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಡಿಕ್ಲೇರ್ ಅನ್ನುವ ಪದವನ್ನು ನಮ್ಮವರು ಕಲಿತದ್ದು ಎಸ್ಸೆಸ್ಸೆಲ್ಸಿ ರಿಸಲ್ಟಿನಿಂದ, ಚುನಾವಣೆಯ ಎಣಿಕೆಯಿಂದ. ಡಿಕ್ಲೇರ್ ಆಯಿತು ಅಂದರೆ ಮುಗಿಯಿತು, ಪಾಸಾದವನು ಪಾಸು, ಗೆದ್ದವನಿಗೆ ಹಾರ. ಡ್ರಾಫ್ಟಿನಲ್ಲಿ ಡಿಕ್ಲೇರ್ ಮಾಡುವುದೆಂದರೆ ಹುಡುಗ ತಾನಾಗಿ, ನಾನೂ ಇದ್ದೇನೆ, ನನ್ನನ್ನೂ ನೋಡಿ ಎಂದು ಹೆಸರು ಕೊಡುವುದು, ಅಷ್ಟೇ. ಚುನಾವಣೆಗೆ ನಾಮಪತ್ರ ಹಾಕಿದ ಹಾಗೆ. ನಾಮಪತ್ರ ಹಾಕಿದವರೆಲ್ಲ ಎಂಎಲ್‌ಎ ಆಗುವುದಿಲ್ಲ, ಠೇವಣಿ ಕಳೆದುಕೊಳ್ಳುವವರೇ ಹೆಚ್ಚು. ಇಷ್ಟು ಓದಿದವರು, ಒಬ್ಬರಾದರೂ ಗೂಗಲ್ ತೆಗೆದು ನೋಡಬಾರದಿತ್ತೇ? ಆದರೆ ಸಂತೋಷದ ಸುದ್ದಿಯನ್ನು ನಮ್ಮಲ್ಲಿ ಯಾರೂ ಪರೀಕ್ಷಿಸುವುದಿಲ್ಲ.

ನನ್ನ ಗಂಡನಿಗೆ ಹೇಳಿದೆ. "ಅಣ್ಣ ತಿಳ್ಕೊಳ್ದೆ ಹಾಕ್ತಾನಾ?" ಅಂದರು. ಭಾನುವಾರ ಕಾಫಿ ಲೋಟ ಕೆಳಗಿಟ್ಟು, ಪರದೆಯ ಮುಂದೆ ಬಗ್ಗಿ, ಭಾವನಿಗೇ ನೇರವಾಗಿ ಹೇಳಿದೆ.

"ಭಾವ, ಡಿಕ್ಲೇರ್ ಅಂದ್ರೆ ಸೆಲೆಕ್ಟ್ ಆದ ಹಾಗಲ್ಲ. ಅವನು ಬರೀ ಹೆಸರು ಕೊಟ್ಟಿರೋದು."

ಭಾವ ದೊಡ್ಡದಾಗಿ ನಕ್ಕರು. "ಹಾಗಲ್ಲಮ್ಮ. ರ‍್ಯಾಂಕ್ ಬಂದಾಗಿದೆ. ಜೂನ್‌ನಲ್ಲಿ ಕೌನ್ಸೆಲಿಂಗು, ಯಾವ ಟೀಮು ಅಂತ ಅಲಾಟ್ ಮಾಡ್ತಾರೆ. ಸಿಇಟಿ ಥರ. ನಿಮ್ಮ ಥ್ರೋಬಾಲಲ್ಲಿ ಇದೆಲ್ಲ ಇರ್ಲಿಲ್ಲ ಅಲ್ವಾ, ಅದಕ್ಕೆ ನಿನಗೆ ಗೊತ್ತಾಗಲ್ಲ."

ಮೈದುನನೂ ನಕ್ಕ. ನನ್ನ ಗಂಡ ನಗಲಿಲ್ಲ, ನಾನಿಟ್ಟ ಲೋಟ ಎತ್ತಿಕೊಂಡು ಕಾಫಿ ಕುಡಿದರು. ಮೈಯೆಲ್ಲ ಉರಿಯಿತು. ಹಾಳಾಗಿ ಹೋಗಿ ಅಂದುಕೊಂಡು ಒಳಗೆ ನಡೆದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಡ್ರಾಫ್ಟಿನ ದಿನ ಎಲ್ಲರೂ ಒಂದೆಡೆ ಕೂತು ನೋಡಬೇಕು, ಮೊದಲು ಸತ್ಯನಾರಾಯಣ ಪೂಜೆಯಾಗಬೇಕು ಎಂದು ಭಾವ ತೀರ್ಮಾನಿಸಿದರು. ಪರ್ತ್‌ನಲ್ಲಿ ನೇರ ಪ್ರಸಾರ ಬೆಳಿಗ್ಗೆ ಎಂಟಕ್ಕೇ ಶುರುವಾಗುವುದರಿಂದ ಪೂಜೆಗೆ ಸಮಯ ಸಾಲದು. ಅಡಿಲೇಡ್‌ನ ಮನೆ ಚಿಕ್ಕದು. ನಮ್ಮಲ್ಲಿ ಹತ್ತಕ್ಕೆ ಶುರು, ನಮ್ಮ ಮನೆ ದೊಡ್ಡದು. ಹಾಗಾಗಿ ಅಡುಗೆಯ ಭಾಗ್ಯ ನನ್ನದಾಯಿತು. ಹುಡುಗನಿಗೂ ಕಾಲೇಜಿಗೆ ರಜೆ, ನೇರ ಬ್ರಿಸ್ಬೇನ್‌ಗೇ ಬರುತ್ತಾನೆ ಎಂದರು.

ಜೂನ್ ಮೊದಲ ವಾರ. ನಾನು ಕೆಲಸ ಮಾಡುವ ಫಾರ್ಮಸಿಯ ಹಿಂದೆ ಕಾರಿನಲ್ಲಿ ಕೂತು ಮಧ್ಯಾಹ್ನದ ಚಿತ್ರಾನ್ನ ತಿನ್ನುತ್ತಿದ್ದೆ. ಅಮೆರಿಕದಿಂದ ಅವನ ಫೋನ್ ಬಂತು.

"ಚಿಕ್ಕಮ್ಮ, ಆರ್ ಯು ಅಲೋನ್?"

"ಹೂಂ, ಹೇಳೋ."

ಹೇಳಿದ. ಅವನ ಕೋಚ್ ಹೆಸರು ಕೊಡಲು ಹೇಳಿದ್ದೇ ತಂಡಗಳವರು ಏನನ್ನುತ್ತಾರೆ ನೋಡೋಣ ಅಂತ. ಅವರು ಅಂದದ್ದು ಇಷ್ಟೇ: ಎಡಗೈ ಬಲಹೀನ, ಬಾಲ್ ಬಿಡುವುದು ತಡ, ಈ ವರ್ಷ ಯಾರೂ ತೆಗೆದುಕೊಳ್ಳುವುದಿಲ್ಲ, ಬಹುಶಃ ಯಾವ ವರ್ಷವೂ ಇಲ್ಲ. ಅವನು ಹೆಸರನ್ನು ವಾಪಸ್ ಪಡೆದಿದ್ದ. ಇನ್ನೊಂದು ವರ್ಷ ಆಡಿ, ಓದು ಮುಗಿಸಿ, ಆಮೇಲೆ ನೋಡುತ್ತೇನೆ ಅಂದ.

"ಅಪ್ಪಂಗೆ ಹೇಳಿದ್ಯಾ?"

"ಹೀ ಥಿಂಕ್ಸ್ ಐಯಾಮ್ ಆಲ್ರೆಡಿ ಇನ್," ಅಂದ. "ಎವ್ರಿಬಡಿ ಥಿಂಕ್ಸ್ ಸೋ. ಐ ವಿಲ್ ಟೆಲ್ ಹಿಮ್ ದೇರ್. ಪ್ಲೀಸ್ ಚಿಕ್ಕಮ್ಮ, ನೀವು ಹೇಳ್ಬೇಡಿ."

ಚೆನ್ನಾಗಿ ಬೈದೆ. ನಿಮ್ಮಪ್ಪ ಕುರುಡ, ನೀನು ಹೇಡಿ, ಒಳ್ಳೆ ಜೋಡಿ ಅಂದೆ. ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಇದು ಅವನ ಕೈಯಲ್ಲಿರುವ ಬಾಲು, ಅವನೇ ಬಿಡಬೇಕು. ಸರಿ, ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಚಿತ್ರಾನ್ನದ ಡಬ್ಬಿ ಮುಚ್ಚಿ ಕೆಲಸಕ್ಕೆ ಹೋದೆ.

ಬುಧವಾರ ಸಂಜೆ ಅವನು ಬಂದಿಳಿದ. ಭಾವ, ಓರಗಿತ್ತಿ, ಮೈದುನ, ಎಲ್ಲರೂ ಆಗಲೇ ಬಂದಿದ್ದರು. ಊಟದ ಹೊತ್ತಿಗೆ ಹೇಳಿಯಾನು ಎಂದು ಕಾದೆ. ಅನ್ನ ಕಲಸುತ್ತಾ ತಲೆ ತಗ್ಗಿಸಿಯೇ ಕೂತಿದ್ದ. ಬೆಳಿಗ್ಗೆ ಪೂಜೆಗೆ ಮುಂಚೆ ಹೇಳಿಯಾನು ಎಂದುಕೊಂಡೆ. ಸ್ನಾನ ಮಾಡಿ ಪಂಚೆಯುಟ್ಟು ಅಪ್ಪನ ಪಕ್ಕದಲ್ಲಿ ಕೂತುಬಿಟ್ಟ. ಕಲಶದ ಪಕ್ಕಕ್ಕೆ ಭಾವ ಹೊಸ ಬ್ಯಾಸ್ಕೆಟ್‌ಬಾಲೊಂದನ್ನು ಇಟ್ಟು, ಆಯುಧಪೂಜೆಯಲ್ಲಿ ಕಾರಿಗೆ ಹಚ್ಚುವಂತೆ ಅರಿಶಿನ ಕುಂಕುಮ ಹಚ್ಚಿದ್ದರು. ಹೂವು ಜಾರಿ ಬೀಳುತ್ತಿತ್ತೆಂದು ಮೈದುನ ಅದನ್ನು ಟೇಪಿನಿಂದ ಅಂಟಿಸಿದ. ಹುಡುಗ ಆ ಬಾಲನ್ನೇ ನೋಡುತ್ತಾ ಅಕ್ಷತೆ ಹಾಕಿದ. ಅವನನ್ನು ನೋಡಿ ನನಗೆ ಕನಿಕರ ಬಂತು, ಕನಿಕರಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಹತ್ತು ಗಂಟೆಗೆ ಮನೆ ತುಂಬಿತು. ಕ್ಯಾಲಮ್‌ವೇಲ್‌ನಿಂದ, ಸನ್ನಿಬ್ಯಾಂಕ್‌ನಿಂದ ಕನ್ನಡದವರು ಬಂದಿದ್ದರು. ವಾರದ ನಡುವೆ ಹೇಗೆ ಬಂದಿರಿ ಎಂದರೆ ಎಲ್ಲರದೂ ಒಂದೇ ಉತ್ತರ, ಸಿಕ್ಕಿ ಹಾಕಿದೆವು, ಅಂದರೆ ಹುಷಾರಿಲ್ಲ ಅಂತ ಫೋನ್ ಮಾಡಿ ರಜೆ. ಒಬ್ಬರಿಗೂ ಕೆಮ್ಮಿರಲಿಲ್ಲ. ಬಿಸಿಬೇಳೆಬಾತ್, ಕೇಸರಿಬಾತ್ ತಟ್ಟೆಗಳು ಟಿವಿಯ ಮುಂದೆ ಸಾಲಾಗಿ ಕೂತವು.

ಸೂಟು ಹಾಕಿದವರೊಬ್ಬರು ವೇದಿಕೆಗೆ ಬಂದು ಬಂದು ಹೆಸರು ಕೂಗುತ್ತಿದ್ದರು. ಉದ್ದನೆಯ ಹುಡುಗನ ಹೆಸರು ಬೇಗ ಬಂತು. "ಇರಲಿ, ಉದ್ದಕ್ಕೆ ಕೊಟ್ಟಿದ್ದಾರೆ," ಎಂದು ಭಾವ ಸಮಾಧಾನ ಹೇಳಿದರು. ಸ್ವಲ್ಪ ಹೊತ್ತಾದ ಮೇಲೆ ಕೆಂಪು ಕೂದಲಿನವನ ಹೆಸರು. ಅವನು ಎದ್ದು ಮೊದಲು ತಾಯಿಯನ್ನು ತಬ್ಬಿದ. ಆಕೆ ಒಬ್ಬಳೇ ಬಂದಿದ್ದಳು. "ತಂದೆ ಕಾಣ್ತಿಲ್ಲವಲ್ಲ," ಎಂದ ಮೈದುನ, ಸಂಬಂಧ ಬೆಳೆಸಲು ಬಂದವನ ಹಾಗೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಸದ್ದಾಗದಂತೆ ಚಪ್ಪಾಳೆ ತಟ್ಟಿದೆ. ಆ ಮಗು ಪ್ರತಿ ಆಟದಲ್ಲೂ ಬಡಿಸಿದ್ದ, ಈಗ ಅವನ ಎಲೆಗೂ ಬಿತ್ತು.

ಹೆಸರುಗಳು ಬರುತ್ತಲೇ ಇದ್ದವು. ಪ್ರತಿ ಸಲ ಸೂಟಿನವರು ಬಾಯಿ ತೆರೆದಾಗಲೂ ಭಾವ ಕುರ್ಚಿಯ ತುದಿಗೆ ಜರುಗುತ್ತಿದ್ದರು. ಓರಗಿತ್ತಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಹುಡುಗ ಮೂಲೆಯಲ್ಲಿ ಕೂತು ಒಂದು ಚಮಚ ಕೇಸರಿಬಾತನ್ನು ತಟ್ಟೆಯ ಈ ಬದಿಯಿಂದ ಆ ಬದಿಗೆ ತಳ್ಳುತ್ತಿದ್ದ, ಮತ್ತೆ ಈ ಬದಿಗೆ.

ಮಧ್ಯಾಹ್ನದ ಹೊತ್ತಿಗೆ ಮೊದಲ ಸುತ್ತು ಮುಗಿಯಿತು. ನಮ್ಮವನ ಹೆಸರಿಲ್ಲ. ಮನೆಯಲ್ಲಿ ಗುಸುಗುಸು ಎದ್ದಿತು. ಭಾವ ಎದ್ದು ನಿಂತು ಕೈಯೆತ್ತಿದರು.

"ಯಾರೂ ಚಿಂತೆ ಮಾಡ್ಬೇಡಿ. ಇದು ಫಸ್ಟ್ ಲಿಸ್ಟು. ಸೆಕೆಂಡ್ ರೌಂಡ್ ನಾಳೆ ಇದೆ. ನಮ್ಮೋನದು ನಾಳೆ ಬರತ್ತೆ. ಎಲ್ರೂ ಇದೇ ಟೈಮಿಗೆ ಬಂದ್ಬಿಡಿ."

"ನಾಳೆನೂ ಸಿಕ್ಕಿನಾ?" ಎಂದು ಯಾರೋ ಗೊಣಗಿದರು. ಇನ್ನೊಬ್ಬ ಅಂಕಲ್ ಗಂಭೀರವಾಗಿ, "ಮ್ಯಾನೇಜ್ಮೆಂಟ್ ಕೋಟಾ ಏನಾದ್ರೂ ಇರುತ್ತಾ ಸಾರ್?" ಎಂದು ಕೇಳಿದರು. ಭಾವ ಅದಕ್ಕೂ, ವಿಚಾರಿಸಬೇಕು ಅಂದರು.

ನಾನು ಹುಡುಗನನ್ನು ನೋಡಿದೆ. ಅವನ ಮುಖದಲ್ಲಿ ಬಿಡುಗಡೆ ಕಾಣಿಸಿತು. ಇನ್ನೊಂದು ರಾತ್ರಿ ಸಿಕ್ಕಿತಲ್ಲ ಎಂಬ ಬಿಡುಗಡೆ. ಅಡಿಲೇಡ್‌ನಲ್ಲಿ ಕಂಡಿದ್ದೂ ಇದೇ ಮುಖ, ಬಾಲ್ ತಟ್ಟುತ್ತಾ ನಿಂತವನ ಮುಖ. ಇವನು ನಾಳೆಯೂ ಹೇಳುವುದಿಲ್ಲ, ನಾಳೆ ಇಷ್ಟೇ ಜನರ ಮುಂದೆ ಅಪ್ಪ ಕೊನೆಯ ಹೆಸರಿನವರೆಗೆ ಕಾಯುತ್ತಾ ಕೂತಿರುತ್ತಾರೆ. ಅದು ನನಗೆ ಸಹಿಸಲಾಗಲಿಲ್ಲ. ಸೌಟು ಕೈಯಲ್ಲಿತ್ತು. ಬಾಗಿಲಿಂದಲೇ ಕೂಗಿದೆ.

"ಬಿಡೋ ಬಾಲ್‌ನ!"

ಇಡೀ ಮನೆ ತಿರುಗಿ ನನ್ನನ್ನು ನೋಡಿತು. ಹುಡುಗ ತಟ್ಟೆ ಹಿಡಿದೇ ಎದ್ದು ನಿಂತುಬಿಟ್ಟ. ಡ್ರೈವ್‌ವೇಯಲ್ಲಿ ಆ ಕೂಗು ಕೇಳಿದಾಗಲೂ ಅವನ ಮೈ ಹಾಗೆಯೇ ಬೆಚ್ಚುತ್ತಿತ್ತು. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗ ಅಂದು ಕನ್ನಡದಲ್ಲಿ ಬಾಯಿ ತೆರೆದ.

"ಅಪ್ಪ, ನಾನು ವಾಪಸ್ ಬಂದ್ಬಿಟ್ಟೆ."

ಭಾವ ನಕ್ಕರು. "ಬಂದಿದ್ದೀಯಲ್ಲೋ. ಕಣ್ಣೆದುರಿಗೇ ಇದ್ದೀಯ."

"ನೋ ಅಪ್ಪ. ನನ್ನ ಹೆಸರು. ಹೆಸರು ವಾಪಸ್ ಬಂತು. ನಾನೇ ತಗೊಂಡೆ. ನಾಳೆ ಬರಲ್ಲ."

"ಯಾಕೋ? ಡಿಕ್ಲೇರ್ ಆಗಿತ್ತಲ್ಲ!"

"ಎನಿಬಡಿ ಕ್ಯಾನ್ ಡಿಕ್ಲೇರ್, ಅಪ್ಪ. ಯಾರು ಬೇಕಾದ್ರೂ. ಸುಮ್ನೆ ಹೆಸರು ಕೊಡೋದು. ಅವ್ರು ನೋಡಿದ್ರು. ಬೇಡ ಅಂದ್ರು."

ಟಿವಿಯಲ್ಲಿ ಯಾರೋ ಕಿರುಚುತ್ತಿದ್ದರು, ನನ್ನ ಗಂಡ ರಿಮೋಟ್ ಹುಡುಕಿ ಅದನ್ನು ಆರಿಸಿದರು. ಆ ದಿನ ಅವರು ಮಾಡಿದ ಒಂದೇ ಉಪಕಾರ ಅದು. ಅತಿಥಿಗಳು ಖಾಲಿ ತಟ್ಟೆಗಳನ್ನು ಮುತುವರ್ಜಿಯಿಂದ ನೋಡತೊಡಗಿದರು. ಓರಗಿತ್ತಿ ಎದ್ದು ಮಗನ ಕೈಯಿಂದ ಆ ತಟ್ಟೆ ತೆಗೆದುಕೊಂಡು, ಬೆಳಿಗ್ಗೆಯಿಂದ ಏನೂ ತಿಂದಿಲ್ಲವಲ್ಲೋ ಅಂದಳು. ಭಾವ ಕುರ್ಚಿಯಲ್ಲಿ ಕೂತರು. ಅವರ ಮುಖ ನೋಡಲು ನನಗೆ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ.

ಅದೇ ಹೊತ್ತಿಗೆ ಮೇಜಿನ ಮೇಲಿದ್ದ ಭಾವನ ಫೋನು ಹೊಡೆದುಕೊಂಡಿತು. ಮೈಸೂರಿನಿಂದ ಅತ್ತೆ. ಅಲ್ಲಿ ಆಗ ಬೆಳಿಗ್ಗೆ, ತಿಂಡಿ ಮುಗಿಸಿ ಸುದ್ದಿಗೆ ಕಾದು ಕೂತಿದ್ದರು. ಭಾವ ಅಲ್ಲಾಡಲಿಲ್ಲ. ಮೈದುನ ಫೋನ್ ಎತ್ತಿಕೊಂಡು, ಗಾಬರಿಯಲ್ಲಿ ಸ್ಪೀಕರ್ ಒತ್ತಿ, ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟ.

"ಡಿಕ್ಲೇರ್ ಆಗಿದ್ದು ವಾಪಸ್ ಹೆಂಗಾಗತ್ತೋ?" ಎಂಬ ಅತ್ತೆಯ ದನಿ ಹಾಲ್ ತುಂಬಿತು. "ಬೀದಿಗೆಲ್ಲಾ ಮೈಸೂರುಪಾಕ್ ಹಂಚಿದೀನಿ ನಾನು. ಎಲ್ಲಿ ಅವಳು? ಅವಳಿಗೆ ಕೊಡು ಫೋನು."

ಅವಳು ಅಂದರೆ ನಾನು. ಸೌಟು ಪಕ್ಕಕ್ಕಿಟ್ಟು ಹೋದೆ.

"ನೀನಾದ್ರೂ ಮೊದ್ಲೇ ಹೇಳ್ಬಾರ್ದಿತ್ತೇನೇ? ಆ ಆಟ ಗೊತ್ತಿರೋಳು ನೀನೊಬ್ಳೇ ಅಲ್ವಾ?"

"ಹೇಳಿದೆ ಅತ್ತೆ. ಥ್ರೋಬಾಲ್ ಆಡಿದೋಳಿಗೆ ಇದೆಲ್ಲ ಏನು ಗೊತ್ತು ಅಂದ್ರು."

ಆ ಕಡೆ ಅತ್ತೆ ಕುಕ್ಕರ್ ಆರಿಸಿದ ಸದ್ದು ಕೇಳಿಸಿತು.

"ನೀನು ಆಡಿದ್ದು ಥ್ರೋಬಾಲ್ ಅಲ್ಲ ಅಂತ ನಂಗೊತ್ತಿಲ್ವೇನೇ?" ಅಂದರು ಅತ್ತೆ. "ನಿನ್ನ ನೋಡೋಕೆ ಬಂದಾಗ ನಿಮ್ಮನೆ ಗೋಡೆ ಮೇಲೆ ಫೋಟೋ ಇತ್ತು. ಚಡ್ಡಿ ಹಾಕ್ಕೊಂಡು ಬಾಲ್ ಹಿಡ್ಕೊಂಡು ನಿಂತಿದ್ದೆ. ನೆಂಟ್ರು ಏನಂತಾರೋ ಅಂತ ನಾನೇ ಥ್ರೋಬಾಲ್ ಅಂದ್ಬಿಟ್ಟೆ. ಅದಾದ್ರೆ ಚೂಡಿದಾರದಲ್ಲೂ ಆಡ್ಬಹುದಲ್ಲ."

ಇಷ್ಟು ವರ್ಷ ಈಕೆಗೆ ಎರಡು ಆಟದ ವ್ಯತ್ಯಾಸ ತಿಳಿಯದು ಎಂದು ನಾನು ಜರೆದದ್ದೇ ಜರೆದದ್ದು. ಈಕೆಗೆ ಎಲ್ಲ ಗೊತ್ತಿತ್ತು. ಚಡ್ಡಿಯನ್ನು ಮುಚ್ಚಲು ಆಟವನ್ನೇ ಮುಚ್ಚಿಟ್ಟಿದ್ದರು. ನನಗೆ ಎಂಥ ಸಿಟ್ಟು ಬಂತೆಂದರೆ ದನಿ ಒಡೆಯಿತು.

"ಹಾಗಾದ್ರೆ ಈಗ ಡಿಕ್ಲೇರ್ ಮಾಡಿ ಅತ್ತೆ. ಸ್ಪೀಕರ್ ಆನಲ್ಲಿದೆ. ಎಲ್ರೂ ಇದ್ದಾರೆ."

ಅತ್ತೆ ಗಂಟಲು ಸರಿ ಮಾಡಿಕೊಂಡರು. ಆಮೇಲೆ ಮೈಕಿನ ಮುಂದೆ ನಿಂತವರಂತೆ ಗಟ್ಟಿಯಾಗಿ ಹೇಳಿದರು. "ನೋಡ್ರಪ್ಪ, ನನ್ನ ಎರಡನೇ ಸೊಸೆ ಕಾಲೇಜಲ್ಲಿ ಬ್ಯಾಸ್ಕೆಟ್‌ಬಾಲ್ ಆಡ್ತಿದ್ಲು. ಚಡ್ಡಿ ಹಾಕ್ಕೊಂಡೇ ಆಡ್ತಿದ್ಲು. ಚೆನ್ನಾಗೇ ಆಡ್ತಿದ್ಲಂತೆ."

"ಪಾಯಿಂಟ್ ಗಾರ್ಡ್, ಅಜ್ಜಿ," ಎಂದ ಹುಡುಗ ಹಿಂದಿನಿಂದ.

ಫೋನಿಟ್ಟ ಮೇಲೂ ಯಾರೂ ಏಳಲಿಲ್ಲ. ಭಾವ ಕಲಶದ ಪಕ್ಕದ ಬಾಲನ್ನು ಎತ್ತಿಕೊಂಡು ತೊಡೆಯ ಮೇಲಿಟ್ಟುಕೊಂಡಿದ್ದರು. ಪಂಚೆಗೆಲ್ಲ ಕುಂಕುಮ ಹತ್ತಿತ್ತು. ತಲೆಯೆತ್ತಿ ನನ್ನ ಕಡೆ ನೋಡಿದರು.

"ಹಾಗಾದ್ರೆ ನೀನೇ ಹೇಳಮ್ಮ. ಇವನು ಹೆಂಗೆ ಆಡ್ತಾನೆ? ಆ ಕೆಂಪು ತಲೆಯೋನ ಮುಂದೆ?"

ಅಷ್ಟೂ ವರ್ಷದ ಭಾನುವಾರಗಳಲ್ಲಿ ಯಾರೂ ಕೇಳದ ಪ್ರಶ್ನೆ. ನಾನು ಹುಡುಗನ ಮುಖ ನೋಡಿದೆ. ಅವನು ಹೇಳಿ ಎಂಬಂತೆ ತಲೆಯಾಡಿಸಿದ.

"ಅವನ ಮುಂದೆ ಇವನು ಏನೂ ಅಲ್ಲ ಭಾವ," ಅಂದೆ.

ಇಡೀ ಮನೆಯಲ್ಲಿ ಮೊದಲು ನಕ್ಕವನು ಅವನೇ.